ಬಿಡುಗಡೆಯ ಎಂಟನೆಯ ದಿನ

ವೀಣಾ ಸೇಥಿ ಮತ್ತು ಬಿಹಾರ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ಚಿಕ್ಕ ತೀರ್ಪಿದೆ. ಅಂದಿನ ಬಿಹಾರದ, ಇಂದಿನ ಜಾರ್ಖಂಡದ ಹಜಾರಿಬಾಗ್ ಸೆಂಟ್ರಲ್ ಜೈಲಿನಲ್ಲಿ ಕೆಲವರನ್ನು ಬುದ್ಧಿಭ್ರಮಣೆಯ ಹೆಸರಿನಲ್ಲಿ ದಶಕಗಟ್ಟಲೆ ಕೂಡಿಹಾಕಿದ್ದಾರೆ ಎಂದು ಅಲ್ಲಿನ ಉಚಿತ ಕಾನೂನು ನೆರವು ಸಮಿತಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಕಾಗದ ಬರೆಯಿತು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ ಎಂದು ಪರಿಗಣಿಸಿ ವಿಚಾರಿಸಿತು. ಇಪ್ಪತ್ತು ವರ್ಷ, ಮೂವತ್ತು ವರ್ಷ ಒಳಗೇ ಕಳೆದವರಿದ್ದರು. ಕಾಯಿಲೆ ಗುಣವಾಗಿದೆ ಎಂದು ವೈದ್ಯರು ಎಷ್ಟೋ ಹಿಂದೆಯೇ ಬರೆದುಕೊಟ್ಟಿದ್ದರೂ ಬಾಗಿಲು ತೆರೆಯದೆ ಉಳಿದವರೂ ಅವರಲ್ಲಿದ್ದರು.

ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಚರಿತ್ರೆಯಲ್ಲಿ ಈ ತೀರ್ಪಿಗೆ ಒಂದು ಗೌರವದ ಸ್ಥಾನವಿದೆ. ಕಾನೂನು ಓದುವವರು ಅದನ್ನು ಓದುವುದು ಅದಕ್ಕಾಗಿಯೇ. ನಾನು ಮತ್ತೆ ಮತ್ತೆ ಹೋಗುವುದು ಮಾತ್ರ ಅದರಲ್ಲಿರುವ ಒಂದು ಸಣ್ಣ ಆದೇಶಕ್ಕೆ. ಇವರನ್ನು ಬಿಡುವಾಗ ತಮ್ಮ ತಮ್ಮ ಊರು ಸೇರಲು ಬೇಕಾದ ದಾರಿ ಖರ್ಚನ್ನೂ, ಒಂದು ವಾರದ ಜೀವನಕ್ಕೆ ಬೇಕಾದ ಹಣವನ್ನೂ ಸರ್ಕಾರ ಕೊಡಬೇಕು ಎಂದು ಕೋರ್ಟು ಹೇಳಿತು. ಅಂದಿನ ದಿನಗಳಲ್ಲಿ ಇದು ಸಣ್ಣ ಕರುಣೆಯೇನಲ್ಲ. ಜೈಲಿನಿಂದ ಹೊರಬಿದ್ದವನಿಗೆ ಬಸ್ಸಿನ ಕಾಸೂ ಬೇಕಾಗುತ್ತದೆ ಎಂದು ನ್ಯಾಯಪೀಠ ಯೋಚಿಸಿದ್ದೇ ದೊಡ್ಡದು. ಆದರೂ ಲೆಕ್ಕ ಹಾಕಿದರೆ ಏಳು ದಿನ. ಮೂವತ್ತು ವರ್ಷ ಹೊರಲೋಕ ಕಾಣದ, ಒಂದು ಕಾಲಕ್ಕೆ ಮನಸ್ಸು ಕೆಟ್ಟಿದ್ದ ಮನುಷ್ಯನ ಎಂಟನೆಯ ದಿನ ಹೇಗಿರಬೇಕು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಜಾಗವಿಲ್ಲ. ನಮ್ಮ ದೇಶದಲ್ಲಿ ಈ ವಿಷಯದ ಚರಿತ್ರೆ ಎಂದರೆ, ಹೆಚ್ಚುಕಡಿಮೆ, ಆ ಎಂಟನೆಯ ದಿನದ ಬಗ್ಗೆ ಯೋಚಿಸದೆ ಕಳೆದ ಕಾಲದ ಚರಿತ್ರೆ.

ಮನೋರೋಗಿಗಳು ಆಸ್ಪತ್ರೆಯ ಬದಲು ಜೈಲಿಗೆ ಹೇಗೆ ಬಂದರು ಎಂಬುದನ್ನು ಮೊದಲು ನೋಡಬೇಕು. ಇಂಗ್ಲೆಂಡಿನಲ್ಲಿ 1843ರ ಮ್ಯಾಕ್‌ನಾಟನ್ ಪ್ರಕರಣದ ನಂತರ, ತಾನು ಮಾಡುತ್ತಿರುವುದೇನು ಎಂದು ತಿಳಿಯದ ಸ್ಥಿತಿಯಲ್ಲಿ ಮಾಡಿದ ಕೃತ್ಯ ಅಪರಾಧವಲ್ಲ ಎಂಬ ತತ್ವ ಗಟ್ಟಿಯಾಯಿತು. 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮಿನಲ್ಲಿ ಅದೇ ತತ್ವ ಇಲ್ಲಿಗೂ ಬಂತು. ಅದಕ್ಕೆ ಎರಡು ವರ್ಷ ಮೊದಲು, 1858ರಲ್ಲಿ, ಹುಚ್ಚಾಸ್ಪತ್ರೆಗಳ ಕಾಯಿದೆ ಬಂದಿತ್ತು. 1912ರಲ್ಲಿ ಭಾರತೀಯ ಲೂನಸಿ ಕಾಯಿದೆ ಬಂತು. ಬೀದಿಯಲ್ಲಿ ಅಲೆಯುವ, ಅಪಾಯಕಾರಿ ಎನಿಸುವ ಮನೋರೋಗಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಹುಚ್ಚಾಸ್ಪತ್ರೆ ದೂರವಿದ್ದರೆ, ಇಲ್ಲವೇ ತುಂಬಿದ್ದರೆ, ಹತ್ತಿರದಲ್ಲಿ ಯಾವಾಗಲೂ ಸಿಗುವ ಗೋಡೆ ಜೈಲಿನದು. ಹೀಗೆ ಯಾವ ಅಪರಾಧವನ್ನೂ ಮಾಡದವರು ಜೈಲು ಸೇರಿದರು. ದಫ್ತರಗಳಲ್ಲಿ ಅವರಿಗೆ ಒಂದು ವಿಚಿತ್ರವಾದ ಹೆಸರಿತ್ತು: 'ನಾನ್ ಕ್ರಿಮಿನಲ್ ಲೂನಾಟಿಕ್'. ಅಂದರೆ ಅಪರಾಧಿಯಲ್ಲದ ಹುಚ್ಚ. ಅಪರಾಧಿಯಲ್ಲ ಎಂದು ಬರೆದುಕೊಂಡೇ ಬೀಗ ಹಾಕುತ್ತಿದ್ದರು.

ಆರೋಪ ಹೊತ್ತವರ ದಾರಿ ಬೇರೆ. ಮನಸ್ಸು ಸ್ವಸ್ಥವಿಲ್ಲದ ಆರೋಪಿ ತನ್ನ ಪರವಾಗಿ ವಾದ ಮಾಡಿಸಿಕೊಳ್ಳಲಾರ. ಆದ್ದರಿಂದ ಅವನ ವಿಚಾರಣೆಯನ್ನು ನಿಲ್ಲಿಸಬೇಕು. ಅವನ ಹಿತಕ್ಕಾಗಿಯೇ ಮಾಡಿದ ನಿಯಮವಿದು. ವಿಚಾರಣೆ ನಿಂತ ಮೇಲೆ ಅವನನ್ನು ಸುರಕ್ಷಿತವಾದ ಕಡೆ ಇಡಬೇಕು. ಗುಣವಾದ ಮೇಲೆ ಆಸ್ಪತ್ರೆಯವರು ತಿಳಿಸಬೇಕು, ಕೋರ್ಟು ಮತ್ತೆ ವಿಚಾರಣೆ ಶುರುಮಾಡಬೇಕು. ನಿಯಮ ಕೆಲಸ ಮಾಡಬೇಕಾದರೆ ಆಸ್ಪತ್ರೆಯಿಂದ ಪೊಲೀಸಿಗೆ, ಪೊಲೀಸಿನಿಂದ ಕೋರ್ಟಿಗೆ ಒಂದು ಕಾಗದ ಹೋಗಬೇಕು, ಹೋದ ಕಾಗದವನ್ನು ಯಾರಾದರೂ ಓದಬೇಕು. ಮನೆಯವರು ಬೆನ್ನು ಹತ್ತಿದರೆ ಇದೆಲ್ಲ ನಡೆಯುತ್ತದೆ. ಕೇಳುವವರಿಲ್ಲದಿದ್ದರೆ ಕಡತ ಕಪಾಟಿನಲ್ಲಿ, ಮನುಷ್ಯ ಜೈಲಿನಲ್ಲಿ. ಶಿಕ್ಷೆಯಾದ ಕೈದಿಗಾದರೂ ಬಿಡುಗಡೆಯ ತಾರೀಕು ಇರುತ್ತದೆ. ಇವನಿಗೆ ಶಿಕ್ಷೆಯೇ ಆಗಿಲ್ಲವಾದ್ದರಿಂದ ತಾರೀಕೂ ಇಲ್ಲ.

ಇಂಥವನನ್ನು ಹೊರಗೆ ಕಳಿಸಲು ಹಳೆಯ ಕಾನೂನಿನಲ್ಲಿ ಒಂದು ಬಾಗಿಲಿತ್ತು. 1973ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 339ನೇ ಕಲಮು ಅದನ್ನು ಹೇಳುತ್ತದೆ: ಬಂಧು ಅಥವಾ ಸ್ನೇಹಿತ ಮುಂದೆ ಬಂದು, ಇವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಇವನು ತನಗಾಗಲಿ ಬೇರೆಯವರಿಗಾಗಲಿ ಹಾನಿ ಮಾಡದಂತೆ ತಡೆಯುತ್ತೇನೆ ಎಂದು ಜಾಮೀನು ಕೊಟ್ಟರೆ ಅವನನ್ನು ಒಪ್ಪಿಸಬಹುದು. ಬಂಧು ಅಥವಾ ಸ್ನೇಹಿತ. ಓದಲು ಎಷ್ಟು ಮನೆಯ ಮಾತಿನಂತಿದೆ! ಹತ್ತು ವರ್ಷ ಜೈಲಿನಲ್ಲಿದ್ದ, ಮಾತು ತಪ್ಪಿದ, ತನ್ನ ಊರಿನ ಹೆಸರನ್ನೂ ಸರಿಯಾಗಿ ಹೇಳಲಾರದ ಬಡವನಿಗೆ ಜಾಮೀನು ಬರೆದುಕೊಡುವ ಬಂಧು ಎಲ್ಲಿರುತ್ತಾನೆ? ಇದ್ದರೂ, ಕೂಲಿ ಬಿಟ್ಟು ಎರಡು ದಿನದ ದಾರಿ ಬರುವ ಶಕ್ತಿ ಅವನಿಗಿರುತ್ತದೆಯೇ? ಈ ಬಾಗಿಲಿನ ಅಗಲ ಕೈದಿಯ ಆರೋಗ್ಯವನ್ನಲ್ಲ, ಅವನ ಮನೆಯವರ ಸ್ಥಿತಿಯನ್ನು ಅವಲಂಬಿಸಿತ್ತು.

1982ರ ಅಕ್ಟೋಬರ್ 16ರಂದು ಇದೇ ಬಿಹಾರದ ಜೈಲಿನಿಂದ ರುದುಲ್ ಸಾಹ್ ಎಂಬವರು ಹೊರಬಂದರು. ಮುಜಫ್ಫರ್‌ಪುರದ ಸೆಷನ್ಸ್ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಟ್ಟದ್ದು 1968ರ ಜೂನ್ 3ರಂದು. ನಡುವೆ ಹದಿನಾಲ್ಕು ವರ್ಷ. ಏಕೆ ಎಂದು ಸುಪ್ರೀಂ ಕೋರ್ಟು ಕೇಳಿದಾಗ, ಬಿಡುಗಡೆಯ ಹೊತ್ತಿಗೆ ಅವರ ಬುದ್ಧಿ ಸ್ವಸ್ಥವಿರಲಿಲ್ಲ ಎಂದು ಸರ್ಕಾರ ಉತ್ತರ ಕೊಟ್ಟಿತು. ಹಾಗೆ ಹೇಳಲು ಆಧಾರವೇನು, ಚಿಕಿತ್ಸೆ ಏನು ಕೊಟ್ಟಿರಿ ಎಂಬುದಕ್ಕೆ ಸಮಾಧಾನಕರವಾದ ಉತ್ತರ ಬರಲಿಲ್ಲ. 1983ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರು, ಮೊದಲು ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿದರು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ನೇರವಾಗಿ ಹಣದ ಪರಿಹಾರ ಕೊಡಿಸಿದ ತೀರ್ಪು ಎಂದು ಇದು ಪ್ರಸಿದ್ಧ. ರುದುಲ್ ಸಾಹ್ ಅರ್ಜಿಯಲ್ಲಿ ಕೇಳಿದ್ದು ಪರಿಹಾರವೊಂದನ್ನೇ ಅಲ್ಲ. ಬಿಡುಗಡೆಯ ಜೊತೆಗೆ ಪುನರ್ವಸತಿ, ಚಿಕಿತ್ಸೆಯ ಖರ್ಚು, ಪರಿಹಾರ ಇವೆಲ್ಲವನ್ನೂ ಕೇಳಿದ್ದರು. ಕೈಗೆ ಬಂದದ್ದು ದುಡ್ಡು. ಹದಿನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,500 ರೂಪಾಯಿ.

ಇದೇ 1982ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಜೈಲುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅದನ್ನು ಪಕ್ಕದಲ್ಲಿಟ್ಟು ನೋಡುವುದಿಲ್ಲ. ಆ ವರ್ಷ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಮನೋರೋಗದ ಚಿಕಿತ್ಸೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲೇ ನಡೆಯಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ದಾದಿಯರೂ ತರಬೇತಿ ಪಡೆದರೆ ಹಳ್ಳಿಯಲ್ಲೇ ಸಾಧ್ಯ ಎಂಬುದು ಅದರ ತಿರುಳು. ಈ ನಂಬಿಕೆ ಹುಟ್ಟಿದ್ದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ 1970ರ ದಶಕದಲ್ಲೇ ಹಳ್ಳಿ ಜನರ ನಡುವೆ ಈ ಪ್ರಯೋಗ ನಡೆಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಇಡೀ ಜಿಲ್ಲೆಯ ಮಟ್ಟಕ್ಕೆ ತಂದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದು ಕಡೆ ಜೈಲಿನಿಂದ ಬಿಟ್ಟವನ ಕೈಗೆ ಒಂದು ವಾರದ ಖರ್ಚು ಕೊಟ್ಟು ಊರಿಗೆ ಹೋಗು ಎನ್ನುವ ಕೋರ್ಟು. ಇನ್ನೊಂದು ಕಡೆ, ಅವನ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಔಷಧಿ ಸಿಗುವಂತೆ ಮಾಡಲು ಹೊರಟ ಆರೋಗ್ಯ ಇಲಾಖೆ. ಎಂಟನೆಯ ದಿನದ ಉತ್ತರ ಎರಡನೆಯ ಕಡತದಲ್ಲಿತ್ತು. ಆದರೆ ಒಂದು ಕಡತ ಗೃಹ ಇಲಾಖೆಯದು, ಇನ್ನೊಂದು ಆರೋಗ್ಯ ಇಲಾಖೆಯದು. ಜೈಲಿನ ಬಾಗಿಲ ಬಳಿ ಇವೆರಡೂ ಕೂಡಿಕೊಳ್ಳಬೇಕು ಎಂಬುದು ಯಾರ ಕೆಲಸವೂ ಆಗಿರಲಿಲ್ಲ.

ಅಪರಾಧಿಗಳಲ್ಲದವರ ಕತೆ ಸುಪ್ರೀಂ ಕೋರ್ಟಿಗೆ ಬಂದದ್ದು ಪತ್ರಕರ್ತೆ ಶೀಲಾ ಬರ್ಸೆಯವರ ಅರ್ಜಿಯಿಂದ. ಪಶ್ಚಿಮ ಬಂಗಾಳದ ಜೈಲುಗಳ ಸ್ಥಿತಿಯನ್ನು ನೋಡಿಬರಲು ಕೋರ್ಟು ಇಬ್ಬರನ್ನು ನೇಮಿಸಿತು: ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಕಾನೂನು ವಿದ್ವಾಂಸೆ ಅಮಿತಾ ಧಾಂಡಾ. ಹಳ್ಳಿಯಲ್ಲಿ ಚಿಕಿತ್ಸೆ ಸಾಧ್ಯ ಎಂದು ತೋರಿಸಿದವರಲ್ಲಿ ಒಬ್ಬರು ಜೈಲಿನೊಳಗೆ ಹೋಗಿ ನೋಡಿದ್ದು ಒಂದು ಅಪರೂಪದ ಸಂದರ್ಭ. 1993ರ ಆಗಸ್ಟ್ 17ರಂದು ಕೋರ್ಟು, ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿಗೆ ಸೇರಿಸುವುದು ಕಾನೂನಿಗೂ ಸಂವಿಧಾನಕ್ಕೂ ವಿರುದ್ಧ ಎಂದು ಘೋಷಿಸಿತು. ಅದೇ ವರ್ಷದ ಏಪ್ರಿಲ್ 1ರಂದು 1912ರ ಕಾಯಿದೆ ಹೋಗಿ, 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದಿತ್ತು. ಒಳಗೆ ಹೋಗುವ ಒಂದು ದಾರಿ ಕಾಗದದ ಮೇಲಾದರೂ ಮುಚ್ಚಿತು. ಒಳಗಿದ್ದವರಲ್ಲಿ ಎಷ್ಟೋ ಜನಕ್ಕೆ ಹಿಂದಿರುಗುವ ದಾರಿ ಮೊದಲೇ ಮುಚ್ಚಿಹೋಗಿತ್ತು. ಜೈಲಿನಿಂದ ಆಸ್ಪತ್ರೆಗೆ ಸಾಗಿಸಬಹುದು. ಆಸ್ಪತ್ರೆಯಿಂದ ಎಲ್ಲಿಗೆ?

ಈ ಪ್ರಶ್ನೆಯ ಪೂರ್ತಿ ಭಾರವನ್ನು ಒಬ್ಬರೇ ಹೊತ್ತಂತೆ ಬದುಕಿದವರು ಅಸ್ಸಾಮಿನ ಮಚಲ್ ಲಾಲುಂಗ್. ಮೋರಿಗಾಂವ್ ಜಿಲ್ಲೆಯ ಹಳ್ಳಿಯವರು, ತಿವಾ ಬುಡಕಟ್ಟಿಗೆ ಸೇರಿದವರು. 1951ರಲ್ಲಿ, ಇಪ್ಪತ್ಮೂರರ ಆಸುಪಾಸಿನ ವಯಸ್ಸಿನಲ್ಲಿ, ಆಯುಧದಿಂದ ತೀವ್ರ ಗಾಯ ಮಾಡಿದ ಆರೋಪದ ಮೇಲೆ ಅವರನ್ನು ಬಂಧಿಸಿ, ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಹದಿನಾರು ವರ್ಷದ ನಂತರ, 1967ರಲ್ಲಿ, ಇವರು ಗುಣವಾಗಿದ್ದಾರೆ ಎಂದು ಆಸ್ಪತ್ರೆ ತಿಳಿಸಿತು. ಮನೆಗೆ ಹೋಗಬೇಕಾಗಿದ್ದವರನ್ನು ಗುವಾಹಟಿಯ ಜೈಲಿಗೆ ಕರೆದೊಯ್ದರು. ವಿಚಾರಣೆ ನಡೆಯಲೇ ಇಲ್ಲ. ಮೂವತ್ತೆಂಟು ವರ್ಷ ಅಲ್ಲಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೈಹಾಕಿದ ಮೇಲೆ 2005ರ ಜುಲೈನಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರನ್ನು ಬಿಟ್ಟರು. ಆಗ ಅವರಿಗೆ 77 ವರ್ಷ.

ಕಾಯಿಲೆ ಗುಣವಾದ ದಿನದಿಂದ ಅವರ ಸೆರೆವಾಸದ ದೀರ್ಘ ಭಾಗ ಶುರುವಾಯಿತು ಎಂಬುದನ್ನು ಗಮನಿಸಬೇಕು. ಹೊರಬಂದಾಗ ಊರಿನವರಲ್ಲಿ ಹೆಚ್ಚಿನವರಿಗೆ ಅವರು ಬದುಕಿದ್ದಾರೆಂಬುದೇ ಗೊತ್ತಿರಲಿಲ್ಲ. ತಾಯ್ನುಡಿ ತಿವಾ ಅವರ ನಾಲಿಗೆಯಿಂದ ಹೆಚ್ಚುಕಡಿಮೆ ಜಾರಿಹೋಗಿತ್ತು ಎಂದು ಆಗಿನ ವರದಿಗಳು ಹೇಳಿದವು. ಭಾಷೆಯನ್ನು ಪ್ರೀತಿಸುವ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದವನಿಗೆ ಮನೆಯ ಮಾತೇ ಬಾರದು. ಒಂದು ವಾರದ ಖರ್ಚಾಗಲಿ, ಒಂದು ರೂಪಾಯಿಯ ಮುಚ್ಚಳಿಕೆಯಾಗಲಿ ತುಂಬಿಕೊಡಲಾರದ ನಷ್ಟ ಅದು.

ಪತ್ರಿಕೆಯ ಸುದ್ದಿಯೊಂದನ್ನು ಆಧಾರವಾಗಿಟ್ಟುಕೊಂಡು ಸುಪ್ರೀಂ ಕೋರ್ಟು ಈ ಪ್ರಕರಣವನ್ನು ತಾನೇ ಎತ್ತಿಕೊಂಡಿತು. ಲಾಲುಂಗ್ ಅವರಿಗೆ ಮೂರು ಲಕ್ಷ ರೂಪಾಯಿ ಪರಿಹಾರ, ಜೊತೆಗೆ ಬದುಕಿರುವ ತನಕ ತಿಂಗಳಿಗೆ ಒಂದು ಸಾವಿರ ರೂಪಾಯಿ ಕೊಡಬೇಕೆಂದು ಆದೇಶವಾಯಿತು. ಎಲ್ಲರ ಕಣ್ಣಿಗೆ ಬಿದ್ದದ್ದು ಮೂರು ಲಕ್ಷ. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಒಂದು ಸಾವಿರ. ಮೂರು ಲಕ್ಷ ಹಿಂದೆ ಆದದ್ದಕ್ಕೆ ಕೊಟ್ಟ ಬೆಲೆ. ತಿಂಗಳ ಸಾವಿರ ಮುಂದಿನ ದಿನಗಳ ಯೋಚನೆ. 1982ರ ಏಳು ದಿನದಿಂದ ತಿಂಗಳು ತಿಂಗಳಿನ ಲೆಕ್ಕಕ್ಕೆ ಬರಲು ಸುಮಾರು ಕಾಲು ಶತಮಾನ ಹಿಡಿಯಿತು. ಲಾಲುಂಗ್ 2007ರ ಡಿಸೆಂಬರಿನಲ್ಲಿ ತೀರಿಕೊಂಡರು. ಸ್ವತಂತ್ರ ಭಾರತದಲ್ಲಿ ಅವರು ಸ್ವತಂತ್ರವಾಗಿ ಬದುಕಿದ ಕೊನೆಯ ಅವಧಿ ಎರಡೂವರೆ ವರ್ಷಕ್ಕಿಂತ ಕಡಿಮೆ.

ಇವೆಲ್ಲ ಹಳೆಯ ಕಾಲದ ಅತಿರೇಕದ ಪ್ರಸಂಗಗಳು, ಈಗ ಹಾಗಿಲ್ಲ ಎನ್ನಿಸಬಹುದು. ಐವತ್ತು ವರ್ಷ ಒಳಗಿದ್ದವರು ಅಪರೂಪವಿರಬಹುದು. ಆದರೆ ಆರು ತಿಂಗಳೋ ಎರಡು ವರ್ಷವೋ ಇದ್ದು, ಮನಸ್ಸಿನ ಕಾಯಿಲೆಯೊಂದಿಗೆ ಹೊರಬರುವವರು ಅಪರೂಪವಲ್ಲ. ನಿಮ್ಹಾನ್ಸಿನ ತಜ್ಞರು ಬೆಂಗಳೂರಿನ ಪರಪ್ಪನ ಅಗ್ರಹಾರದ ಜೈಲಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಮಲಿನ ಚಟವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಕಾಲುಭಾಗಕ್ಕಿಂತ ಹೆಚ್ಚು ಜನರಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಬರುವವರೇ.

ಬಿಡುಗಡೆಯ ಹೊತ್ತಿನಲ್ಲಿ ಆಗುವುದೇನೆಂದರೆ, ಜಾಮೀನಿನ ಆದೇಶ ಸಾಮಾನ್ಯವಾಗಿ ಸಂಜೆಯ ವೇಳೆಗೆ ಜೈಲಿಗೆ ಮುಟ್ಟುತ್ತದೆ. ಒಳಗಿದ್ದಾಗ ಜೈಲಿನ ವೈದ್ಯರು ಕೊಡುತ್ತಿದ್ದ ಮಾತ್ರೆ ಅವತ್ತಿಗೆ ನಿಲ್ಲುತ್ತದೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮಾತ್ರೆ ನಿಂತ ಮರುದಿನವೇ ಏನೂ ಆಗುವುದಿಲ್ಲ, ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ. ಕೆಲವು ವಾರ ಕಳೆದ ಮೇಲೆ ನಿದ್ದೆ ಕೆಡುತ್ತದೆ, ಅನುಮಾನ ಶುರುವಾಗುತ್ತದೆ, ಕಿವಿಯಲ್ಲಿ ಹಳೆಯ ದನಿಗಳು ಮತ್ತೆ ಕೇಳುತ್ತವೆ. ಅಷ್ಟರಲ್ಲಿ ಮನೆಯವರು, ಇವನು ಜೈಲಿಗೆ ಹೋದರೂ ಬುದ್ಧಿ ಕಲಿಯಲಿಲ್ಲ ಎಂದು ತೀರ್ಮಾನಿಸಿರುತ್ತಾರೆ. ನಮ್ಮ ಊರುಗಳಲ್ಲಿ 'ತಲೆ ಕೆಟ್ಟವನು' ಎಂಬ ಮಾತಿಗೂ 'ಜೈಲಿಗೆ ಹೋಗಿ ಬಂದವನು' ಎಂಬ ಮಾತಿಗೂ ಬೇರೆ ಬೇರೆ ತೂಕವಿದೆ. ಎರಡನ್ನೂ ಒಟ್ಟಿಗೆ ಹೊತ್ತವನಿಗೆ ಬಾಡಿಗೆ ಮನೆ ಸಿಗದು, ಕೂಲಿಗೆ ಕರೆಯುವವರೂ ಕಡಿಮೆ. ಹೆಂಗಸಾದರೆ ತವರಿನವರೂ ಗಂಡನ ಮನೆಯವರೂ ಒಬ್ಬರ ಕಡೆ ಒಬ್ಬರು ಬೊಟ್ಟು ತೋರಿಸುತ್ತಾರೆ. ಮುಂದೆ ಬೀದಿಯಲ್ಲೊಂದು ಜಗಳ, ಪೊಲೀಸು, ಮತ್ತೆ ಅದೇ ಗೇಟು.

ಇದನ್ನು ತಡೆಯುವ ದಾರಿ ನಮಗೆ ತಿಳಿಯದ್ದೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿ ಉಳಿಸಿಕೊಂಡರು. ಜೊತೆಯಲ್ಲಿದ್ದು ಆರೈಕೆ ಕಲಿತವರು ರೋಗಿಯನ್ನು ಕರೆದುಕೊಂಡೇ ಊರಿಗೆ ಹೋಗುತ್ತಿದ್ದರು. ಮನೋವೈದ್ಯ ಡಾ. ಭರತ್ ವಾಟವಾನಿಯವರು ಬೀದಿಯಲ್ಲಿ ಅಲೆಯುವ ರೋಗಿಗಳಿಗೆ ಚಿಕಿತ್ಸೆ ಕೊಟ್ಟು, ನೆನಪು ಮರಳಿದ ಮೇಲೆ ಊರಿನ ಗುರುತು ಹಿಡಿದು, ದೂರದ ರಾಜ್ಯಗಳ ಹಳ್ಳಿಯವರೆಗೂ ಜೊತೆಗೆ ಜನ ಕಳಿಸಿ ಮನೆ ಮುಟ್ಟಿಸುವ ಕೆಲಸವನ್ನು 1988ರಿಂದ ಮಾಡಿಕೊಂಡು ಬಂದಿದ್ದಾರೆ. ಅದಕ್ಕೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಮನೆ ಒಪ್ಪದವರಿಗಾಗಿ ಆಸ್ಪತ್ರೆಗೂ ಸಮಾಜಕ್ಕೂ ನಡುವಿನ ತಂಗುಮನೆಗಳು ಬೆಂಗಳೂರಿನಲ್ಲೇ ದಶಕಗಳಿಂದ ನಡೆಯುತ್ತಿವೆ. ಇವರು ಯಾರೂ ಜೈಲಿಗೆಂದು ಹೊರಟವರಲ್ಲ. ಆದರೆ ಜೈಲಿನಿಂದ ಹೊರಬಂದವರಿಗೆ ಬೇಕಾದದ್ದೂ ಇವೇ: ಕೈಯಲ್ಲಿ ಒಂದು ತಿಂಗಳ ಮಾತ್ರೆ ಮತ್ತು ಚೀಟಿ, ಜೊತೆಗೆ ಊರಿನವರೆಗೆ ಬರುವ ಒಬ್ಬ ಮನುಷ್ಯ, ಮನೆಯವರಿಗೆ ಕಾಯಿಲೆ ಎಂದರೇನೆಂದು ತಿಳಿಸಿ ಹೇಳುವ ಒಂದು ಗಂಟೆಯ ಮಾತು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅವರ ಹೆಸರು ಬರೆದ ಒಂದು ಹಾಳೆ, ಮನೆ ಇಲ್ಲದವರಿಗೆ ಒಂದು ಸೂರು.

ಕಾನೂನಿನ ಭಾಷೆಯೂ ನಿಧಾನವಾಗಿ ಇತ್ತ ತಿರುಗಿದೆ. 2008ರ ತಿದ್ದುಪಡಿ, ಬಂಧುಗಳಿಗೆ ಒಪ್ಪಿಸುವುದು ಮತ್ತು ಸೆರೆ ಎಂಬ ಎರಡರ ಜೊತೆಗೆ, ಆರೈಕೆಯೂ ತರಬೇತಿಯೂ ಸಿಗುವ ವಸತಿ ಕೇಂದ್ರ ಎಂಬ ಮೂರನೆಯ ಜಾಗವನ್ನು ಸೇರಿಸಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇನ್ನೂ ಮುಂದೆ ಹೋಯಿತು. ಮನೆಯಿಲ್ಲ, ಮನೆಯವರು ಸೇರಿಸಿಕೊಳ್ಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸುವಂತಿಲ್ಲ, ಸಮಾಜದ ನಡುವೆ ಬದುಕುವುದು ಅವರ ಹಕ್ಕು ಎಂದು ಅದರ 19ನೇ ಕಲಮು ಹೇಳುತ್ತದೆ. ಆಸ್ಪತ್ರೆಯಿಂದ ಕಳಿಸುವ ಮೊದಲು ಮುಂದಿನ ಚಿಕಿತ್ಸೆಯ ಏರ್ಪಾಟನ್ನು ರೋಗಿಯೊಂದಿಗೂ ಅವರನ್ನು ನೋಡಿಕೊಳ್ಳುವವರೊಂದಿಗೂ ಕೂತು ಯೋಜಿಸಬೇಕು ಎಂದು 98ನೇ ಕಲಮು ಹೇಳುತ್ತದೆ. ಕೈದಿಗಳ ವಿಷಯದ 103ನೇ ಕಲಮು ಮಾತ್ರ ಮುಖ್ಯವಾಗಿ ಮಾತಾಡುವುದು ಒಳಗಿನ ಚಿಕಿತ್ಸೆಯ ಬಗ್ಗೆ: ಜೈಲಿನ ವಾರ್ಡು, ಆಸ್ಪತ್ರೆಗೆ ವರ್ಗಾವಣೆ, ಮೂರು ತಿಂಗಳಿಗೊಮ್ಮೆ ವರದಿ. ಆಸ್ಪತ್ರೆಯ ಬಾಗಿಲಲ್ಲಿ ಕೇಳುವ 'ಮುಂದೇನು' ಎಂಬ ಪ್ರಶ್ನೆಯನ್ನು ಜೈಲಿನ ಬಾಗಿಲಲ್ಲೂ ಅಷ್ಟೇ ಸ್ಪಷ್ಟವಾಗಿ ಕೇಳುವ ಕೆಲಸ ಬಾಕಿ ಇದೆ.

2024ರ ಜುಲೈ 1ರಂದು ಹಳೆಯ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಕಲಮುಗಳ ಸಂಖ್ಯೆ ಬದಲಾಯಿತು. ಆದರೆ ಬಂಧು ಅಥವಾ ಸ್ನೇಹಿತನಿಗೆ ಒಪ್ಪಿಸುವ ಮಾತು ಹಾಗೆಯೇ ಉಳಿದಿದೆ. ಅದು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಮನೆಯವರು ಕೈಹಿಡಿದು ಕರೆದೊಯ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆ ಇಬ್ಬರೂ ಬಾರದ ದಿನ ಗೇಟಿನ ಹೊರಗೆ ಯಾರು ನಿಂತಿರಬೇಕು ಎಂಬುದನ್ನು ಹೆಸರು, ಇಲಾಖೆ, ಹುದ್ದೆ ಸಮೇತ ಬರೆದಿಡಬೇಕು. ಬಿಡುಗಡೆಯ ಆದೇಶದ ಕೆಳಗೆ ಅದಕ್ಕೆ ಎರಡು ಸಾಲು ಸಾಕು. ಹಜಾರಿಬಾಗಿನ ಕೈದಿಗಳಿಗಾಗಿ ಬಸ್ಸಿನ ಕಾಸನ್ನು ನೆನಪಿಟ್ಟುಕೊಂಡ ಕೋರ್ಟಿನ ದೇಶಕ್ಕೆ ಅದು ದೊಡ್ಡ ಕೆಲಸವಾಗಬಾರದು.